ಬಾಸ್ ಸ್ಪೀಕರ್‌ಗೆ ಮುಚ್ಚಿದ ಡಬ್ಬವೋ, ಪೋರ್ಟ್ (ಗಾಳಿ ಆಡುವ ಕೊಳವೆ) ಇರುವ ಡಬ್ಬವೋ?

ಡಗ್ಗಾದ ಪೆಟ್ಟು ಬಿಡಿಬಿಡಿಯಾಗಿ ಕೇಳಬೇಕಾ? ಹಾಗಾದರೆ ನನ್ನ ಓಟು ಮುಚ್ಚಿದ ಡಬ್ಬಕ್ಕೆ. ಒಳಗಿನ ಗಾಳಿ ಸ್ಪ್ರಿಂಗಿನಂತೆ ಕೋನನ್ನು (ಸ್ಪೀಕರಿನ ಅದುರುವ ಹಾಳೆಯನ್ನು) ಹಿಡಿದಿಡುತ್ತದೆ, ಸದ್ದು ಥಟ್ಟನೆ ನಿಲ್ಲುತ್ತದೆ. ಕೆಳಗಿನ ಬಾಸ್ ಆಕ್ಟೇವ್‌ಗೆ (ಅಂದರೆ ಆವರ್ತನ ಅರ್ಧವಾದಾಗಲೆಲ್ಲ) 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿಯುತ್ತದೆ. ಡಬ್ಬ ತೀರಾ ಚಿಕ್ಕದಾದರೆ ಮಾತ್ರ ಗುಂಯ್‌ಗುಡುತ್ತದೆ. ಕ್ಯೂ (ಈ ಗುಂಯ್‌ಗುಡುವಿಕೆಯ ಅಳತೆ) 0.7ರ ಆಸುಪಾಸು ಇದ್ದರೆ ಚೆಂದ.

ಪೋರ್ಟ್ ಇರುವುದಕ್ಕೆ ಸಾಮಾನ್ಯವಾಗಿ ದೊಡ್ಡ ಡಬ್ಬ ಬೇಕು, ಆದರೆ ಅದೇ ಆಂಪ್ಲಿಫೈಯರ್‌ನಲ್ಲಿ ಬಾಸ್ ಜಾಸ್ತಿ. ಸಿನಿಮಾಕ್ಕೆ ಇದೇ ಸರಿ. ಪೋರ್ಟನ್ನು 35 ಹರ್ಟ್ಸ್‌ಗೆ ಟ್ಯೂನ್ ಮಾಡಿದ್ದರೆ, ಆ ಸ್ವರ ಬಂದಾಗ ಕೋನ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಪೋರ್ಟಿನ ಗಾಳಿಯೇ ಕೆಲಸ ಮಾಡುತ್ತದೆ. ಪೋರ್ಟಿನ ಬಾಯಿಗೆ ಕೈ ಹಿಡಿದು ನೋಡಿ, ಗೊತ್ತಾಗುತ್ತದೆ! ಅದಕ್ಕಿಂತ ಕೆಳಗೆ ಹೋದರೆ ಕೋನಿನ ಹಿಡಿತ ತಪ್ಪುತ್ತದೆ, ಸದ್ದು ಆಕ್ಟೇವ್‌ಗೆ 24 ಡೆಸಿಬೆಲ್‌ನಂತೆ ಕುಸಿಯುತ್ತದೆ.

ಕೋಣೆ ಚಿಕ್ಕದಿದ್ದರೆ ಮುಚ್ಚಿದ್ದೇ ತಗೊಳ್ಳಿ. ಗೋಡೆಗಳೇ ಬಾಸ್ ತುಂಬಿಕೊಡುತ್ತವೆ.