ಟೋಕಿಯೊದಿಂದ ಸೋಲ್‌ಗೆ: ಹನೇಡಾವೋ, ನರೀಟಾವೋ?

ಆಕಾಶದ ದಾರಿ ಸುಮಾರು 1,200 ಕಿ.ಮೀ. ಹನೇಡಾ, ನರೀಟಾ ಟೋಕಿಯೊದ ವಿಮಾನ ನಿಲ್ದಾಣಗಳು; ಗಿಂಪೊ, ಇಂಚಾನ್ ಸೋಲ್‌ನವು. ಹನೇಡಾದಿಂದ ಗಿಂಪೊಗೆ ಹೋದರೂ, ನರೀಟಾದಿಂದ ಇಂಚಾನ್‌ಗೆ ಹೋದರೂ ವಿಮಾನದಲ್ಲಿ ಕೂರುವುದು ಎರಡೂವರೆ ಗಂಟೆ ಆಸುಪಾಸು. ವ್ಯತ್ಯಾಸವೆಲ್ಲ ನೆಲದ ಮೇಲೆ. ನರೀಟಾ ಟೋಕಿಯೊ ನಡುಭಾಗದಿಂದ ಸುಮಾರು 60 ಕಿ.ಮೀ. ಆಚೆ, ಇಂಚಾನ್ ವಿಮಾನ ನಿಲ್ದಾಣವಂತೂ ದ್ವೀಪದಲ್ಲಿದೆ, ಎಕ್ಸ್‌ಪ್ರೆಸ್ ರೈಲು ಹತ್ತಿದರೂ ಸೋಲ್ ಸ್ಟೇಷನ್‌ಗೆ ಮುಕ್ಕಾಲು ಗಂಟೆ. ಹನೇಡಾ, ಗಿಂಪೊ ಎರಡೂ ಊರಿನ ಮಗ್ಗುಲಲ್ಲೇ ಇವೆ.

ಅಗ್ಗದ ಟಿಕೆಟ್ ಬೇಕೆಂದರೆ ಮೊದಲು ನರೀಟಾ–ಇಂಚಾನ್ ಹುಡುಕಿ, ರೈಲಿನ ಖರ್ಚೂ ಸೇರಿಸಿಕೊಳ್ಳಿ. ಎರಡೇ ದಿನದ ಪ್ರವಾಸವಾದರೆ ನನ್ನ ಮತ ಹನೇಡಾಕ್ಕೆ.

ವಾಪಸ್ ಬರುವಾಗ ಪಶ್ಚಿಮದ ಗಾಳಿ ಬೆನ್ನು ತಳ್ಳುತ್ತದೆ, ಕೆಲವು ನಿಮಿಷ ಉಳಿತಾಯ. ಗಡಿಯಾರ ತಿರುಗಿಸುವ ಗೋಜೂ ಇಲ್ಲ, ಎರಡೂ ಕಡೆ ಒಂದೇ ಹೊತ್ತು.