ಮೊದಲ ದಿನ ಕಥೆ ಕೇಳದ ಥೆರಪಿಸ್ಟ್

ಮನಸ್ಸಿಗಾದ ಹಳೆಯ ಆಘಾತಕ್ಕೆ ಚಿಕಿತ್ಸೆ ಅಂತ ಒಂಬತ್ತು ತಿಂಗಳಿಂದ ಈ ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ನನಗೆ ಏನಾಗಿತ್ತು ಅಂತಲೂ ಬರೆಯುವುದಿಲ್ಲ. ಅದನ್ನು ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಅನ್ನುವುದು ನನಗೆ ಬಿಟ್ಟದ್ದು ಅಂತ ಕಲಿತದ್ದೇ ಇವರಿಂದ.

ಇವರಿಗಿಂತ ಮುಂಚೆ ಇನ್ನೊಬ್ಬರ ಹತ್ತಿರ ಹೋಗಿದ್ದೆ. ಕೂತು ಐದು ನಿಮಿಷ ಆಗಿರಲಿಲ್ಲ, "ಏನಾಯ್ತು, ಮೊದಲಿಂದ ಹೇಳಿ" ಅಂದರು. ಹೇಳಿದೆ. ಕೇಳಿದ್ದನ್ನೂ ಹೇಳಿದೆ, ಕೇಳದ್ದನ್ನೂ ಹೇಳಿದೆ. ಅತ್ತುಬಿಡಿ, ಹಗುರಾಗುತ್ತೆ ಅಂದರು. ಎಲ್ಲಿಯ ಹಗುರ? ಮೂರು ರಾತ್ರಿ ದೀಪ ಆರಿಸದೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಥೆರಪಿ ಅನ್ನುವುದೇ ನನಗೆ ಆಗಿಬರೋದಲ್ಲ ಅಂತ ಒಂದೂವರೆ ವರ್ಷ ಸುಮ್ಮನಿದ್ದೆ.

ಹಾಗಾಗಿ ಇವರ ಹತ್ತಿರ ಹೋಗುವಾಗ ಹಲ್ಲು ಕಚ್ಚಿಕೊಂಡು, ಎಲ್ಲ ಹೇಳಿ ಮುಗಿಸಿಬಿಡೋಣ ಅಂತಲೇ ಹೋಗಿದ್ದೆ. ಇವರು ಕೇಳಲೇ ಇಲ್ಲ! ಯಾವ ಕುರ್ಚಿ ಬೇಕು, ಬಾಗಿಲು ಕಾಣುವ ಹಾಗೆ ಕೂರುತ್ತೀರಾ, ನಿದ್ದೆ ಹೇಗಿದೆ, ಈಗಿರುವ ಮನೆಯಲ್ಲಿ ಭಯ ಇಲ್ಲ ತಾನೇ, ಸಾಯುವ ಯೋಚನೆ ಬರುತ್ತಾ, ಇಷ್ಟೇ ಕೇಳಿದ್ದು. ನಡೆದದ್ದರ ಬಗ್ಗೆ ಒಂದೇ ಸಾಲು ಸಾಕು, ವಿವರಕ್ಕೆ ಅವಸರವಿಲ್ಲ ಅಂದರು. ನಾನು ಕೈ ಎತ್ತಿದರೆ ಮಾತು ಅಲ್ಲಿಗೇ ನಿಲ್ಲಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ ಅಂತ ಒಂದು ಒಪ್ಪಂದವೂ ಆಯಿತು. ಬಾಯಿಮಾತಿಗೆ ಹೇಳಿ ಬಿಡಲಿಲ್ಲ, ಮಳೆಯ ವಿಷಯ ಮಾತಾಡುತ್ತಾ ಎರಡು ಸಲ ಕೈ ಎತ್ತಿಸಿದರು. ಎರಡು ಸಲವೂ ವಾಕ್ಯದ ಮಧ್ಯದಲ್ಲೇ ನಿಲ್ಲಿಸಿದರು. ನಗು ಬಂತು. ಮನೆಗೆ ಬಂದ ಮೇಲೆ ಅಳು ಬಂತು. ಬೇಡ ಅಂದ ತಕ್ಷಣ ಎದುರಿಗಿರುವವರು ನಿಲ್ಲಿಸಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

ಮೊದಲ ಎರಡು ತಿಂಗಳು ಹಳೆಯದನ್ನು ಮುಟ್ಟಲೇ ಇಲ್ಲ. ಇದು ಇವರ ಸ್ವಂತ ಐಡಿಯಾ ಏನಲ್ಲ. ಜೂಡಿತ್ ಹರ್ಮನ್ ಅನ್ನುವ ಅಮೆರಿಕದ ಮನೋವೈದ್ಯೆ ಆಘಾತದಿಂದ ಚೇತರಿಸಿಕೊಳ್ಳುವುದಕ್ಕೆ 1992ರಲ್ಲೇ ಮೂರು ಹಂತ ಹೇಳಿದ್ದಾರೆ: ಮೊದಲು ಸುರಕ್ಷಿತವಾಗಿದ್ದೇನೆ ಅನ್ನಿಸಬೇಕು, ಆಮೇಲೆ ನೆನಪು ಮತ್ತು ದುಃಖ, ಆಮೇಲೆ ಮತ್ತೆ ಜನರ ಜೊತೆ ಬೆರೆಯುವುದು. ನನ್ನ ಹಳೆಯ ಥೆರಪಿಸ್ಟ್ ಎರಡನೆಯದಕ್ಕೇ ನೇರ ಜಿಗಿದಿದ್ದರು ಅಂತ ಈಗ ಅರ್ಥವಾಗುತ್ತದೆ.

ಗಾಬರಿಯಾದಾಗ ಕಣ್ಣಿಗೆ ಕಾಣುವ ಐದು, ಮುಟ್ಟಲು ಸಿಗುವ ನಾಲ್ಕು, ಕಿವಿಗೆ ಬೀಳುವ ಮೂರು ಅಂತ ಎಣಿಸುವ ಅಭ್ಯಾಸ ಇದೆಯಲ್ಲ, ಅದನ್ನೂ ಮಾಡಿಸಿದರು. ನನಗೆ ಅದು ಅಷ್ಟಕ್ಕಷ್ಟೇ. ನಾಲ್ಕಕ್ಕೆ ಬರುವಷ್ಟರಲ್ಲಿ ಲೆಕ್ಕ ತಪ್ಪುತ್ತಿತ್ತು, ತಪ್ಪಿತು ಅಂತ ಇನ್ನಷ್ಟು ಗಾಬರಿ. ಹಾಗಾದರೆ ಅದನ್ನು ಬಿಡಿ ಅಂದರು. ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿಯುವುದು ಕೆಲಸ ಮಾಡಿತು. ಈಗಲೂ ಕ್ಯೂನಲ್ಲಿ ನಿಂತಾಗ ಮಾಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ.

ಒಂದು ದಿನ ಅವರು ಟೇಬಲ್ ಮೇಲೆ ಬೀಗದ ಕೈ ಗೊಂಚಲು ಇಟ್ಟರು. ಆ ಸದ್ದಿಗೆ ನನ್ನ ಮೈ ಮರಗಟ್ಟಿತು. ನಾನು ಏನೂ ಹೇಳಲಿಲ್ಲ, ಅವರು ನೋಡಿದರು. ಮುಂದಿನ ವಾರದಿಂದ ನಾನು ಬರುವ ಮೊದಲೇ ಗೊಂಚಲು ಡ್ರಾಯರ್ ಒಳಗೆ ಹೋಗಿರುತ್ತಿತ್ತು. ಐದನೇ ತಿಂಗಳು ನಾನೇ ಅದನ್ನು ಹೊರಗೆ ತೆಗೆಯಿರಿ ಅಂದೆ.

ಆ ಹೊತ್ತಿಗೆ ಇಎಂಡಿಆರ್ ಅನ್ನುವ, ಆಘಾತದ ನೆನಪುಗಳಿಗೆ ಕೊಡುವ ಚಿಕಿತ್ಸೆ ಶುರುವಾಗಿತ್ತು. ನೆನಪಿನ ಒಂದು ತುಣುಕನ್ನು ಮನಸ್ಸಲ್ಲಿ ಹಿಡಿದುಕೊಂಡು, ಅವರ ಬೆರಳು ಎಡಕ್ಕೆ ಬಲಕ್ಕೆ ಓಡಿದ ಹಾಗೆ ಕಣ್ಣು ಓಡಿಸಬೇಕು. ಮೊದಲು ಮಾಟ ಮಂತ್ರದ ತರ ಅನ್ನಿಸಿತು. 1987ರಲ್ಲಿ ಫ್ರಾನ್ಸಿನ್ ಶಪೀರೋ ಶುರು ಮಾಡಿದ ಪದ್ಧತಿ ಇದು. ವಿಶ್ವ ಆರೋಗ್ಯ ಸಂಸ್ಥೆಯೂ 2013ರಲ್ಲಿ ಇದನ್ನು ಶಿಫಾರಸು ಮಾಡಿದೆ. ಆದರೆ ಕಣ್ಣು ಆಡಿಸುವುದರಿಂದಲೇ ಗುಣ ಸಿಗುತ್ತದಾ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ ಅಂತ ಅವರೇ ಹೇಳಿದರು. ತಮ್ಮ ಸರಕಿನ ಹುಳುಕನ್ನು ತಾವೇ ತೋರಿಸಿದರಲ್ಲ, ನನಗೆ ಅಲ್ಲೇ ನಂಬಿಕೆ ಬಂದದ್ದು. ಸೊನ್ನೆಯಿಂದ ಹತ್ತರೊಳಗೆ ಸಂಕಟ ಎಷ್ಟು ಅಂತ ಕೇಳುತ್ತಿದ್ದರು. ಬೀಗದ ಕೈಗೆ ಮೊದಲ ದಿನ ಒಂಬತ್ತು ಕೊಟ್ಟಿದ್ದೆ. ಈಗ ಎರಡು, ಕೆಟ್ಟ ದಿನಗಳಲ್ಲಿ ನಾಲ್ಕು. ಸೊನ್ನೆ ಆಗಿಲ್ಲ, ಆಗುತ್ತೆ ಅಂತ ಅವರು ಮಾತು ಕೊಟ್ಟೂ ಇರಲಿಲ್ಲ.

ಇನ್ನು ತಕರಾರು. ಬೇಗ ಮುಗಿಯಬೇಕು ಅನ್ನುವವರಿಗೆ ಇವರು ನಿಧಾನ ಅನ್ನಿಸಬಹುದು. ನಡೆದದ್ದರ ಬಗ್ಗೆ ಮನಸ್ಸಲ್ಲಿ ಕೂತ ಯೋಚನೆಗಳನ್ನು ಪರೀಕ್ಷಿಸಿ ತಿದ್ದುವ, ಹನ್ನೆರಡು ಸೆಷನ್ನಿನ ಆಸುಪಾಸಿನಲ್ಲಿ ಮುಗಿಯುವ ಸಿಪಿಟಿ ಅನ್ನುವ ಪದ್ಧತಿಯೂ ಇದೆ. ಅದು ಬೇಕಾದರೆ ಬೇರೆಯವರ ಹತ್ತಿರ ಕಳಿಸುತ್ತೇನೆ ಅಂತ ಇವರೇ ಹೇಳಿದ್ದರು, ನಾನೇ ಬೇಡ ಅಂದೆ. ಕೊನೆಯ ಹತ್ತು ನಿಮಿಷ ಏನೇ ಆದರೂ ಮಾತು ನಿಲ್ಲಿಸಿ ಉಸಿರಾಟಕ್ಕೆ ಬರುತ್ತಾರೆ. ಗಂಟಲ ತನಕ ಬಂದ ಮಾತು ಅಲ್ಲೇ ಉಳಿದು ಸಿಟ್ಟು ಬಂದದ್ದೂ ಇದೆ, ಆದರೆ ಬಿಕ್ಕುತ್ತಾ ಬೀದಿಗೆ ಇಳಿಯುವುದಕ್ಕಿಂತ ವಾಸಿ ಅಲ್ವಾ. ನಿಜವಾಗಿ ಬೇಜಾರಾಗಿದ್ದು ಒಂದೇ. ನೆನಪಿನ ಕೆಲಸ ಅರ್ಧಕ್ಕೆ ಇರುವಾಗ, ನಾಲ್ಕೇ ದಿನ ಮುಂಚೆ ತಿಳಿಸಿ ಮೂರು ವಾರ ರಜೆ ಹಾಕಿದರು. ಆ ಮೂರು ವಾರ ನನಗೇ ಗೊತ್ತು. ವಾಪಸ್ ಬಂದ ದಿನ ಸಿಟ್ಟಿನಲ್ಲೇ ಹೇಳಿದೆ. ಸಬೂಬು ಹೇಳದೆ, ನನ್ನದು ತಪ್ಪು ಅಂದರು. ಈಗ ರಜೆ ಇದ್ದರೆ ತಿಂಗಳು ಮುಂಚೆಯೇ ಹೇಳುತ್ತಾರೆ.

ಸದ್ಯ ತಿಂಗಳಿಗೊಮ್ಮೆ ಹೋಗುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಆ ರಜೆಗೆ ಕಟ್.