ಬೆಟಗೇರಿಯ ಔಷಧಿ ಅಂಗಡಿಯಲ್ಲಿ ಹತ್ತು ತಿಂಗಳು: ಫ್ರಿಜ್ ಕಾಯುವ ವೈಫೈ ಉಷ್ಣಮಾಪಕ

ನನ್ನ ಅಂಗಡಿಯ ಫ್ರಿಜ್ಜಿನಲ್ಲಿ ಏನಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇನ್ಸುಲಿನ್ ಸೀಸೆಗಳು, ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನಿಗೆ ಹಾಕುವ ಕಾರ್ಟ್ರಿಜ್‌ಗಳು, ಧನುರ್ವಾಯುವಿನ ಚುಚ್ಚುಮದ್ದು, ನಾಯಿ ಕಚ್ಚಿದವರಿಗೆ ಕೊಡುವ ರೇಬೀಸ್ ಲಸಿಕೆ, ಗ್ಲಾಕೋಮಾ ಇರುವವರ ಕಣ್ಣಿನ ಹನಿ. ಎಲ್ಲದರ ಪೊಟ್ಟಣದ ಮೇಲೂ ಒಂದೇ ಸೂಚನೆ: 2ರಿಂದ 8 ಡಿಗ್ರಿ ಸೆಲ್ಸಿಯಸ್. ಇವುಗಳ ನಡುವೆ ಒಂದು ಸ್ಟೀಲ್ ಡಬ್ಬಿ ಇದೆ, ಅದು ಮಾರಾಟಕ್ಕಲ್ಲ. ಬೆಟಗೇರಿಯಲ್ಲಿ ನಲವತ್ತು ವರ್ಷ ಮಗ್ಗದ ಮುಂದೆ ಕುಳಿತು ನೇಯ್ದ ಒಬ್ಬ ಅವ್ವನ ಇನ್ಸುಲಿನ್ ಅದರಲ್ಲಿದೆ. ಅವರ ಮನೆಯಲ್ಲಿ ಫ್ರಿಜ್ ಇಲ್ಲ. ಮಗ ಹಣ ಕಳುಹಿಸಿದಾಗ ಮೂರು ತಿಂಗಳಿನದನ್ನು ಒಮ್ಮೆಲೇ ಕೊಂಡು, ನನ್ನಲ್ಲೇ ಇಟ್ಟು, ಒಂದೊಂದೇ ಸೀಸೆ ಒಯ್ಯುತ್ತಾರೆ. ಒಯ್ದ ಸೀಸೆಯನ್ನು ಮನೆಯಲ್ಲಿ ಹಸಿ ಮರಳಿನ ಮೇಲೆ ಇಟ್ಟ ಸಣ್ಣ ಗಡಿಗೆಯೊಳಗೆ ಕಾಪಾಡಿಕೊಳ್ಳುತ್ತಾರೆ.

ಕಳೆದ ದೀಪಾವಳಿಯವರೆಗೆ ನನ್ನ ಫ್ರಿಜ್ಜಿಗೆ ಇದ್ದದ್ದು ಮುಳ್ಳಿನ ಉಷ್ಣಮಾಪಕ ಮತ್ತು ಒಂದು ರಿಜಿಸ್ಟರ್. ಬೆಳಿಗ್ಗೆ ಬಾಗಿಲು ತೆಗೆದಾಗ ಒಂದು ಸಲ, ಸಂಜೆ ಒಂದು ಸಲ ಬರೆಯುತ್ತಿದ್ದೆವು. ಬರೆದ ಅಂಕಿ ಹೆಚ್ಚಾಗಿ 5, ಆಗೀಗ 6. ರಾತ್ರಿ ಒಂಬತ್ತೂವರೆಯಿಂದ ಬೆಳಿಗ್ಗೆ ಒಂಬತ್ತರವರೆಗೆ ಒಳಗೆ ಏನಾಗುತ್ತಿತ್ತು ಎಂಬುದನ್ನು ಇಪ್ಪತ್ತೆರಡು ವರ್ಷಗಳಲ್ಲಿ ನಾನು ಒಂದು ದಿನವೂ ಕಂಡಿರಲಿಲ್ಲ. ಆ ಹನ್ನೊಂದೂವರೆ ಗಂಟೆಗಳಿಗಾಗಿಯೇ ಈ ಸಾಧನ ಕೊಂಡೆ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಬಗೆಯ ಸಾಧನಗಳು ಹಲವು ಹೆಸರುಗಳಲ್ಲಿ ಸಿಗುತ್ತವೆ, ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ, ಅದರಿಂದ ಹೊರಟ ಒಂದು ಮೀಟರ್ ತಂತಿ, ತಂತಿಯ ತುದಿಯಲ್ಲಿ ಉಕ್ಕಿನ ಸಣ್ಣ ಕೊಳವೆಯೊಳಗೆ ಸೆನ್ಸರ್. ಪೆಟ್ಟಿಗೆ ಹೊರಗೆ, ಸೆನ್ಸರ್ ಒಳಗೆ. ತಂತಿ ಚಪ್ಪಟೆಯಾಗಿರುವುದರಿಂದ ಬಾಗಿಲಿನ ರಬ್ಬರ್ ಸರಿಯಾಗಿ ಕೂರುತ್ತದೆ. ಐದು ನಿಮಿಷಕ್ಕೊಮ್ಮೆ ಉಷ್ಣಾಂಶವನ್ನು ಅಂಗಡಿಯ ವೈಫೈ ಮೂಲಕ ಕಂಪನಿಯ ಸರ್ವರ್‌ಗೆ ಕಳುಹಿಸುತ್ತದೆ. ಮಿತಿ ಮೀರಿದರೆ ಮೊಬೈಲಿಗೆ ಸುದ್ದಿ ಬರುತ್ತದೆ. ಬೆಲೆ 4,200 ರೂಪಾಯಿ, ಎರಡನೇ ವರ್ಷದಿಂದ ವಾರ್ಷಿಕ ಶುಲ್ಕ 1,200. ವಸ್ತುಗಳನ್ನೇ ಇಂಟರ್ನೆಟ್ಟಿಗೆ ಜೋಡಿಸುವ ‘ಇಂಟರ್ನೆಟ್ ಆಫ್ ಥಿಂಗ್ಸ್’ ಎಂದರೆ ದೊಡ್ಡ ಕಾರ್ಖಾನೆಗಳ ಮಾತು ಎಂದುಕೊಂಡಿದ್ದ ನನಗೆ ಅದು ಇಷ್ಟು ಚಿಕ್ಕದಾಗಿ ಅಂಗೈಯಲ್ಲಿ ಕೂತದ್ದು ಹೊಸ ಅನುಭವ.

ಜೋಡಿಸುವಾಗಲೇ ಅರ್ಧ ದಿನ ಹೋಯಿತು. ಈ ಸಾಧನ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತದೆ. ನನ್ನ ರೂಟರ್ 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಕೊಡುತ್ತಿತ್ತು. ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟ ಮೇಲೆ ಒಂದು ನಿಮಿಷದಲ್ಲಿ ಕೆಲಸ ಮುಗಿಯಿತು. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಆ್ಯಪ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ, ಕನ್ನಡದಲ್ಲಿಲ್ಲ. ರಾತ್ರಿ ಅಂಗಡಿ ಮುಚ್ಚುವ ಹುಡುಗ ಓದಿ ತಿಳಿಯಬೇಕಾದ ಎಚ್ಚರಿಕೆ ಅವನ ಭಾಷೆಯಲ್ಲಿರಬೇಕು ಎಂದು ಕಂಪನಿಗೆ ಎರಡು ಸಲ ಬರೆದಿದ್ದೇನೆ.

ಉಷ್ಣಮಾಪಕ ನಿಜ ಹೇಳುತ್ತಿದೆಯೇ ಎಂಬುದನ್ನು ನಾನೇ ಪರೀಕ್ಷಿಸಿದೆ. ಅಳತೆ ಸರಿಯಿದೆ ಎಂದು ಜೊತೆಗೆ ಬಂದ ಪ್ರಮಾಣಪತ್ರದ ನಕಲಿನಲ್ಲಿ ನನ್ನ ಸಾಧನದ ಕ್ರಮಸಂಖ್ಯೆಯೇ ಇರಲಿಲ್ಲ. ಸ್ಟೀಲ್ ಲೋಟದ ತುಂಬ ಪುಡಿ ಮಾಡಿದ ಮಂಜುಗಡ್ಡೆ, ಅದು ನೆನೆಯುವಷ್ಟು ನೀರು, ನಡುವೆ ಸೆನ್ಸರ್; ಕಲಕುತ್ತ ಹತ್ತು ನಿಮಿಷ ಕಾದೆ. ಕರಗುತ್ತಿರುವ ಮಂಜುಗಡ್ಡೆಯಲ್ಲಿ ಸೊನ್ನೆ ತೋರಿಸಬೇಕು, ಇದು 0.4 ತೋರಿಸಿತು. ನನ್ನ ಕೆಲಸಕ್ಕೆ ಅಷ್ಟು ಸಾಕು. ಅದನ್ನು ರಿಜಿಸ್ಟರಿನ ಮೊದಲ ಪುಟದಲ್ಲಿ ದಿನಾಂಕದೊಂದಿಗೆ ಬರೆದಿಟ್ಟಿದ್ದೇನೆ.

ಮೊದಲ ವಾರ ಎಚ್ಚರಿಕೆಗಳ ಮಳೆ. ಬಾಗಿಲು ತೆಗೆದಾಗಲೆಲ್ಲ ಒಳಗಿನ ಗಾಳಿ ಬಿಸಿಯಾಗುತ್ತದೆ, ಸೆನ್ಸರ್ ಗಾಳಿಯನ್ನೇ ಅಳೆಯುತ್ತಿತ್ತು. ಆದರೆ ನನಗೆ ಬೇಕಿದ್ದದ್ದು ಸೀಸೆಯೊಳಗಿನ ಔಷಧದ ಉಷ್ಣಾಂಶ. ಮೂವತ್ತು ಮಿಲಿಲೀಟರಿನ ಬಾಟಲಿಯಲ್ಲಿ ಗ್ಲಿಸರಿನ್ ತುಂಬಿ, ಮುಚ್ಚಳಕ್ಕೆ ತೂತು ಮಾಡಿ, ಸೆನ್ಸರನ್ನು ಅದರಲ್ಲಿ ಮುಳುಗಿಸಿ, ಇನ್ಸುಲಿನ್ ಪೆಟ್ಟಿಗೆಗಳ ನಡುವೆ ಇಟ್ಟೆ. ದಿನಕ್ಕೆ ಹತ್ತು ಹನ್ನೆರಡು ಸಲ ಬರುತ್ತಿದ್ದ ಎಚ್ಚರಿಕೆ ವಾರಕ್ಕೆ ಒಂದಕ್ಕೆ ಇಳಿಯಿತು. ಇಂಥ ಸಾಧನ ಕೊಳ್ಳುವ ಪ್ರತಿಯೊಬ್ಬ ಔಷಧಿ ವ್ಯಾಪಾರಿಗೂ ನಾನು ಹೇಳುವ ಮೊದಲ ಮಾತು ಈ ಗ್ಲಿಸರಿನ್ ಬಾಟಲಿ. ಅದಾದ ಮೇಲೂ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮತ್ತು ಸಂಜೆ ಏಳಕ್ಕೆ ಆ್ಯಪ್‌ನಲ್ಲಿ ಉಷ್ಣಾಂಶ ತೋರಿಸುವ ಗೆರೆ ಮೇಲೇರುತ್ತಿತ್ತು. ಕಾರಣ ಹುಡುಕಿದರೆ, ನಮ್ಮ ಹುಡುಗರು ಕುಡಿಯುವ ನೀರಿನ ಬಾಟಲಿಗಳನ್ನು ಅದೇ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಅದೇ ದಿನ ಅಂಗಡಿಗೆ ಒಂದು ಮಣ್ಣಿನ ಮಡಕೆ ತಂದೆ.

ಡಿಸೆಂಬರ್ ಮೂರನೇ ವಾರ ಈ ಸಾಧನ ನನ್ನ ನಂಬಿಕೆಯನ್ನೇ ಬದಲಾಯಿಸಿತು. ಔಷಧಿ ಕೆಡುವುದು ಏಪ್ರಿಲ್ ತಿಂಗಳ ಗದಗಿನ ಬಿಸಿಲಿಗೆ ಎಂದು ನಾನು ಅಷ್ಟು ವರ್ಷ ನಂಬಿದ್ದೆ. ಅಂದು ನಸುಕಿನ ನಾಲ್ಕಕ್ಕೆ ಗೆರೆ 2ಕ್ಕಿಂತ ಕೆಳಗೆ ಇಳಿದು, ಐದೂವರೆಗೆ ಸೊನ್ನೆಯನ್ನೂ ದಾಟಿ ಮೈನಸ್ 0.8ಕ್ಕೆ ಹೋಗಿತ್ತು. ನಮ್ಮದು ಮನೆಬಳಕೆಯ ಒಂದೇ ಬಾಗಿಲಿನ ಫ್ರಿಜ್. ತಂಪು ಹೆಚ್ಚು ಕಡಿಮೆ ಮಾಡುವ ಥರ್ಮೋಸ್ಟಾಟ್ ಗುಂಡಿಯನ್ನು (ಅದರ ಅಂಕಿ ಡಿಗ್ರಿಯಲ್ಲ, ಹೆಚ್ಚಾದಷ್ಟೂ ತಂಪು ಹೆಚ್ಚು) ಬೇಸಿಗೆಯಲ್ಲಿ 5ಕ್ಕೆ ಇಟ್ಟವನು ಹಾಗೆಯೇ ಬಿಟ್ಟಿದ್ದೆ. ಚಳಿಗಾಲದ ರಾತ್ರಿ ಹೊರಗಿನಿಂದ ಒಳಗೆ ಹೆಚ್ಚು ಬಿಸಿ ಬರುವುದಿಲ್ಲ, ಬಾಗಿಲನ್ನೂ ಯಾರೂ ತೆಗೆಯುವುದಿಲ್ಲ. ಅದೇ ಗುಂಡಿಯ ಮಟ್ಟಕ್ಕೆ ಒಳಗಿನದೆಲ್ಲ ಬೇಸಿಗೆಗಿಂತ ಹೆಚ್ಚು ತಣ್ಣಗಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ನಾನು ಬಂದು ನೋಡಿದಾಗ ಮುಳ್ಳು 3ರ ಮೇಲೆ ನಿಂತಿತ್ತು. ಹಳೆಯ ರಿಜಿಸ್ಟರಿನಲ್ಲಾಗಿದ್ದರೆ ನಾನು ನೆಮ್ಮದಿಯಿಂದ 3 ಎಂದು ಬರೆದು ಮುಂದಿನ ಗಿರಾಕಿಯನ್ನು ನೋಡುತ್ತಿದ್ದೆ.

ಇನ್ಸುಲಿನ್ ಹೆಪ್ಪುಗಟ್ಟಿದರೆ ಅದನ್ನು ಬಳಸುವಂತಿಲ್ಲ. ಧನುರ್ವಾಯುವಿನ ಲಸಿಕೆಯೂ ಹಾಗೆಯೇ. ಬಿಸಿಯನ್ನು ಇನ್ಸುಲಿನ್ ಸ್ವಲ್ಪ ತಡೆದುಕೊಳ್ಳುತ್ತದೆ. ಬಳಸಲು ತೆರೆದ ಸೀಸೆಗಳಲ್ಲಿ ಹೆಚ್ಚಿನವನ್ನು ಸಾಧಾರಣ ಕೋಣೆಯ ಉಷ್ಣಾಂಶದಲ್ಲಿ 28 ದಿನ ಇಡಬಹುದು. ಹೆಪ್ಪುಗಟ್ಟುವುದನ್ನು ತಡೆದುಕೊಳ್ಳುವುದಿಲ್ಲ. ಕರಗಿದ ಮೇಲೆ ನೋಡಲು ಎಷ್ಟೋ ಸಲ ಮೊದಲಿನಂತೆಯೇ ಇರುವುದರಿಂದ ಕಣ್ಣಿಗೆ ಸಿಕ್ಕಿಬೀಳುವುದೂ ಇಲ್ಲ. ಫ್ರೀಜರ್ ಕೆಳಗಿನ ತಟ್ಟೆಗೆ ಹತ್ತಿರವಿದ್ದ ಏಳು ಕಾರ್ಟ್ರಿಜ್‌ಗಳನ್ನು ಅಂದೇ ಮಾರಾಟದಿಂದ ತೆಗೆದೆ. ಅವ್ವನ ಡಬ್ಬಿ ಕೆಳಗಿನ ಸಾಲಿನಲ್ಲಿತ್ತು. ಹಿಂದಿನ ಚಳಿಗಾಲಗಳಲ್ಲಿ ನನ್ನ ಕೈಯಿಂದ ಹೋದ ಸೀಸೆಗಳ ಬಗ್ಗೆ ಅಂದು ಇಡೀ ದಿನ ಯೋಚಿಸಿದೆ. “ಚುಚ್ಚಿಕೊಂಡರೂ ಸಕ್ಕರೆ ಇಳಿಯುತ್ತಿಲ್ಲ” ಎಂದು ಬಂದವರಿಗೆ ಊಟದ ಪಥ್ಯ ಹೇಳಿ ಕಳುಹಿಸಿದ್ದು ನೆನಪಾಯಿತು. ಈಗ ನವೆಂಬರಿನಿಂದ ಫೆಬ್ರುವರಿವರೆಗೆ ಗುಂಡಿ 2ರಲ್ಲಿ ಇರುತ್ತದೆ, ಮೇಲಿನ ತಟ್ಟೆ ಖಾಲಿ ಇರುತ್ತದೆ.

ಏಪ್ರಿಲ್‌ನಲ್ಲಿ ಸಾಧನದ ದೊಡ್ಡ ಕೊರತೆ ಗೊತ್ತಾಯಿತು. ಶನಿವಾರ ರಾತ್ರಿ ಅಡ್ಡಮಳೆ, ಗಾಳಿ. ಅಂಗಡಿಯ ಓಣಿಯಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ಕರೆಂಟು ಹೋದಾಗ ಫ್ರಿಜ್ ನಿಲ್ಲುತ್ತದೆ, ಅದರ ಜೊತೆಗೆ ರೂಟರ್ ಕೂಡ ನಿಲ್ಲುತ್ತದೆ. ಎಚ್ಚರಿಕೆ ತೀರಾ ಬೇಕಾದ ಗಳಿಗೆಯಲ್ಲೇ ಅದನ್ನು ಕಳುಹಿಸುವ ದಾರಿ ಮುಚ್ಚಿಹೋಗಿರುತ್ತದೆ. ಹದಿನೈದು ನಿಮಿಷ ಸದ್ದಿಲ್ಲದಿದ್ದರೆ ಸರ್ವರ್ ತಾನಾಗಿಯೇ ‘ಸಾಧನ ಸಂಪರ್ಕದಲ್ಲಿಲ್ಲ’ ಎಂದು ಸಂದೇಶ ಕಳುಹಿಸುತ್ತದೆ. ರಾತ್ರಿ 11.10ಕ್ಕೆ ಅದು ಬಂದಿತ್ತು. ಇಂಟರ್ನೆಟ್ ಆಗಾಗ ಕೈಕೊಡುತ್ತಿದ್ದ ಕಾರಣ ಅಂಥ ಸಂದೇಶಗಳನ್ನು ಹತ್ತಾರು ಸಲ ಕಂಡಿದ್ದ ನಾನು ಮಲಗಿದೆ. ಭಾನುವಾರ ಅಂಗಡಿಗೆ ರಜೆ. ಮಧ್ಯಾಹ್ನ ಒಂದಕ್ಕೆ ಮನಸ್ಸು ತಡೆಯದೆ ಹೋಗಿ ನೋಡಿದರೆ 19.2 ಡಿಗ್ರಿ. ಎರಡಕ್ಕೆ ಕರೆಂಟು ಬಂತು.

ಈ ಸಾಧನವೂ ಇಲ್ಲದೆ, ನಾನೂ ಹೋಗದೆ ಇದ್ದಿದ್ದರೆ? ಸೋಮವಾರ ಬೆಳಿಗ್ಗೆ ಮುಳ್ಳಿನ ಮಾಪಕ 5 ತೋರಿಸುತ್ತಿತ್ತು, ಆ ಹದಿನೈದು ಗಂಟೆಗಳ ಗುರುತು ಎಲ್ಲೂ ಉಳಿಯುತ್ತಿರಲಿಲ್ಲ. ಸಾಧನಕ್ಕೆ ಅದರದೇ ಬ್ಯಾಟರಿ ಇದೆ, ಸಂಪರ್ಕವಿಲ್ಲದಾಗಲೂ ಅಂಕಿಗಳನ್ನು ಕೂಡಿಟ್ಟುಕೊಂಡು ವೈಫೈ ಬಂದ ಕೂಡಲೇ ಒಟ್ಟಿಗೆ ಕಳುಹಿಸುತ್ತದೆ. ಇದಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಎಷ್ಟು ಹೊತ್ತು, ಎಷ್ಟು ಡಿಗ್ರಿವರೆಗೆ ಎಂಬ ಗೆರೆಯನ್ನು ಇನ್ಸುಲಿನ್ ತಯಾರಕರಿಗೆ ಕಳುಹಿಸಿದೆ. ಉತ್ತರ ಬರುವವರೆಗೆ ಎಲ್ಲವನ್ನೂ ‘ಮಾರಬಾರದು’ ಎಂದು ಬರೆದ ಪೆಟ್ಟಿಗೆಯಲ್ಲಿಟ್ಟು ತಣ್ಣಗೆ ಕಾಪಾಡಿದೆ. ಎರಡು ದಿನಗಳಲ್ಲಿ ಬಳಸಬಹುದೆಂಬ ಲಿಖಿತ ಉತ್ತರ ಬಂತು. ಲಸಿಕೆಗಳ ವಿಷಯದಲ್ಲಿ ನಾನು ಕಾಯಲಿಲ್ಲ, ತೆಗೆದುಹಾಕಿದೆ. 3,640 ರೂಪಾಯಿ ನಷ್ಟ. ಸೀಸೆ ಒಯ್ಯಲು ಬಂದ ಅವ್ವನಿಗೆ ನಡೆದದ್ದನ್ನು ಹೇಳಿ, ಮೊಬೈಲಿನಲ್ಲಿ ಆ ಗೆರೆಯನ್ನೂ ತೋರಿಸಿದೆ. ಬಹಳ ಹೊತ್ತು ನೋಡಿ, “ಇಷ್ಟು ಎತ್ತರ ಹೋದರೂ ಕೆಟ್ಟಿಲ್ಲವೇ ತಮ್ಮಾ?” ಎಂದು ಕೇಳಿದರು. ಉತ್ತರದ ಕಾಗದವನ್ನು ಓದಿ ಹೇಳಿದ ಮೇಲೆಯೇ ಒಯ್ದರು.

ಅನಂತರ ಮೂರು ಬದಲಾವಣೆ ಮಾಡಿದೆ. ರೂಟರನ್ನು ಅಂಗಡಿಯ ಇನ್ವರ್ಟರಿಗೆ ಜೋಡಿಸಿದೆ. ದೀಪ, ಫ್ಯಾನ್ ಬಂದ್ ಆಗಿರುವ ರಾತ್ರಿ ಅದೊಂದಕ್ಕೇ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬದಲ್ಲಿ ಆರು ನೀರಿನ ಬಾಟಲಿಗಳನ್ನು ತುಂಬಿ, ಯಾರೂ ಮುಟ್ಟದಂತೆ ಟೇಪ್ ಸುತ್ತಿ ಇಟ್ಟೆ. ಮೊದಲು ಕರೆಂಟು ಹೋದ ಒಂದು ಗಂಟೆಯೊಳಗೆ 5ರಿಂದ 8ಕ್ಕೆ ಏರುತ್ತಿದ್ದದ್ದು ಈಗ ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ. ಇದನ್ನು ಮೇ ತಿಂಗಳಲ್ಲಿ ಎರಡು ಸಲ ಗೆರೆ ನೋಡಿ ಖಚಿತಪಡಿಸಿಕೊಂಡೆ. ಮೂರನೆಯದಾಗಿ, ಸಂದೇಶದ ಬದಲು ಫೋನ್ ಕರೆಯನ್ನೇ ಮಾಡುವ ಸೌಲಭ್ಯಕ್ಕೆ ತಿಂಗಳಿಗೆ 60 ರೂಪಾಯಿ ಕೊಡುತ್ತಿದ್ದೇನೆ. ಮೊಬೈಲಿನ ಬ್ಯಾಟರಿ ಉಳಿಸುವ ವ್ಯವಸ್ಥೆ ರಾತ್ರಿ ಆ್ಯಪ್‌ಗಳನ್ನು ಮಲಗಿಸಿಬಿಡುತ್ತದೆ, ಕರೆ ಮಾತ್ರ ಎಬ್ಬಿಸುತ್ತದೆ. ಈ ಸೌಲಭ್ಯವನ್ನು ಮೂಲ ಬೆಲೆಯಲ್ಲೇ ಕೊಡದಿರುವುದು ನನಗೆ ಸರಿ ಕಾಣುವುದಿಲ್ಲ.

ಸರ್ಕಾರದ ಲಸಿಕೆ ದಾಸ್ತಾನುಗಳಲ್ಲಿ ಇಂಥದ್ದು ಮೊದಲೇ ಇದೆ. 2015ರಲ್ಲಿ ಆರಂಭವಾದ ಇವಿನ್ (ಎಲೆಕ್ಟ್ರಾನಿಕ್ ವ್ಯಾಕ್ಸಿನ್ ಇಂಟೆಲಿಜೆನ್ಸ್ ನೆಟ್‌ವರ್ಕ್) ವ್ಯವಸ್ಥೆಯಲ್ಲಿ ಲಸಿಕೆ ಇಡುವ ಶೀತಲ ಪೆಟ್ಟಿಗೆಗಳ ಉಷ್ಣಾಂಶವನ್ನು ದೂರದಿಂದಲೇ ನೋಡುತ್ತಾರೆ, ಅಲ್ಲಿನ ಸಾಧನಗಳು ಸಿಮ್ ಕಾರ್ಡ್ ಮೂಲಕ ಮಾಹಿತಿ ಕಳುಹಿಸುತ್ತವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಶೀತಲಗೃಹ ನಡೆಸುವ ಪರಿಚಯದವರೊಬ್ಬರೂ ಸಿಮ್ ಇರುವುದನ್ನೇ ಹಾಕಿಸಿಕೊಂಡಿದ್ದಾರೆ; ಅವರಿಗೆ ತಂಪಿನಷ್ಟೇ ತೇವಾಂಶವೂ ಮುಖ್ಯ. ನನ್ನ ಮುಂದಿನ ಖರೀದಿ ಅಂಥದ್ದೇ ಆಗಿರುತ್ತದೆ, ಬೆಲೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಈಗಿರುವುದನ್ನು ಐದಕ್ಕೆ ಮೂರೂವರೆ ಎಂದು ಅಳೆಯುತ್ತೇನೆ. ಕಳೆದುಕೊಂಡ ಒಂದೂವರೆಯಲ್ಲಿ ಒಂದು ಪೂರ್ತಿ ಕರೆಂಟು ಹೋದ ರಾತ್ರಿಯದು, ಉಳಿದದ್ದು ಭಾಷೆಗೆ ಮತ್ತು ಆ ಪ್ರಮಾಣಪತ್ರಕ್ಕೆ.

ಕೊಳ್ಳುವವರು ಮಾರುವವರ ಎದುರಿನಲ್ಲೇ ರೂಟರಿನ ಸ್ವಿಚ್ ತೆಗೆಸಿ, ಗಡಿಯಾರ ನೋಡುತ್ತ ಕೂರಿ. ನಿಮ್ಮ ಮೊಬೈಲ್ ಎಷ್ಟು ನಿಮಿಷಕ್ಕೆ ರಿಂಗಾಗುತ್ತದೆ ಎಂಬುದನ್ನು ಬರೆದುಕೊಳ್ಳಿ. ನನ್ನದು ಹದಿನಾರನೇ ನಿಮಿಷಕ್ಕೆ.